ಆಲ್ಪ್ಸ್ ಬೆಟ್ಟಗಳಲ್ಲೊಂದು ಸೈಕಲ್ ದಾರಿ



1990ರ ಸುಮಾರಿಗೆ ಮಡಕಶಿರಾ ಸೀಮೆಯ ಒಂದು ಹಳ್ಳಿಯ ಬ್ಯಾಂಕಿನಲ್ಲಿ ನಾನು ಗುಮಾಸ್ತನಾಗಿದ್ದೆ. ಯಾರೋ ಗಿರಾಕಿ ತಂದುಕೊಟ್ಟ ಒಂದು ಕ್ಯಾಲೆಂಡರ್ ನನ್ನ ಮೇಜಿನ ಎದುರಿನ ಗೋಡೆಯಲ್ಲಿ ತೂಗುತ್ತಿತ್ತು. ಹಿಂದೆ ಹಿಮದ ಬೆಟ್ಟ, ಮುಂದೆ ನೀಲಿ ಸರೋವರ, ಆ ಸರೋವರದ ನೀರಿನ ನಡುವೆ ಒಂದು ಇಗರ್ಜಿಯ ಗಂಟೆಗೋಪುರ. ಇಗರ್ಜಿ ಇಲ್ಲ, ಗೋಪುರ ಮಾತ್ರ. ದಡದಲ್ಲಿ ಇಬ್ಬರು ಸೈಕಲ್ ನಿಲ್ಲಿಸಿಕೊಂಡು ಅದನ್ನು ನೋಡುತ್ತಿದ್ದಾರೆ. ಇದು ಫೋಟೋ ಸ್ಟುಡಿಯೋದವರ ಕೈಚಳಕ ಎಂದು ನಮ್ಮ ಕ್ಯಾಷಿಯರು ತೀರ್ಮಾನ ಕೊಟ್ಟುಬಿಟ್ಟಿದ್ದರು. ಚಿತ್ರದ ಕೆಳಗೆ ಊರಿನ ಹೆಸರು ಎರಡು ಸಲ ಇತ್ತು: ಗ್ರೌನ್, ಕುರೋನ್. ಒಂದೇ ಊರಿಗೆ ಎರಡು ಹೆಸರು ಎಂಬುದು ಗಡಿಯಲ್ಲಿ ಹುಟ್ಟಿದವನಿಗೆ ಆಶ್ಚರ್ಯದ ಸಂಗತಿಯಲ್ಲ. ನೀರಿನೊಳಗೆ ಗೋಪುರ ಯಾಕೆ ಎಂಬುದು ಮಾತ್ರ ತಲೆಯಲ್ಲಿ ಉಳಿಯಿತು. ನಿವೃತ್ತಿಯಾದ ಮೇಲೆ ಪುಸ್ತಕ, ನಕ್ಷೆಗಳನ್ನು ಹಿಡಿದು ಕೂತಾಗ ತಿಳಿದದ್ದನ್ನು ಇವತ್ತು ಹೇಳುತ್ತೇನೆ. ನಾನು ಆ ಕಡೆಗೆ ಹೋದವನಲ್ಲ ಎಂಬುದನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆ ಊರು ಇರುವುದು ಇಟಲಿಯ ಉತ್ತರದ ತುದಿಯಲ್ಲಿ, ಆಲ್ಪ್ಸ್ ಬೆಟ್ಟಸಾಲಿನ ರೆಷೆನ್ ಎಂಬ ಘಾಟಿಯ ಬಳಿ. ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಎತ್ತರ. ಆಸ್ಟ್ರಿಯ, ಸ್ವಿಟ್ಜರ್ಲೆಂಡ್, ಇಟಲಿ ಈ ಮೂರೂ ದೇಶಗಳ ಎಲ್ಲೆಗಳು ಅಲ್ಲೇ ಹತ್ತಿರದಲ್ಲಿ ಕೂಡುತ್ತವೆ. ಬೇಸಿಗೆ ಬಂತೆಂದರೆ ಸಾವಿರಾರು ಜನ ಚೀಲ ಕಟ್ಟಿಕೊಂಡು ಸೈಕಲ್ ಮೇಲೆ ಆ ದಾರಿ ಹಿಡಿಯುತ್ತಾರೆ. ಜರ್ಮನಿಯ ಡೊನೌವರ್ತ್ ಎಂಬ ಊರಿನಲ್ಲಿ, ಡ್ಯಾನ್ಯೂಬ್ ನದಿಯ ದಂಡೆಯಿಂದ ಹೊರಟು, ಔಗ್ಸ್‌ಬರ್ಗ್, ಫ್ಯೂಸೆನ್, ಲಾಂಡೆಕ್ ದಾಟಿ, ರೆಷೆನ್ ಘಾಟಿ ಹತ್ತಿ, ಆಚೆಗೆ ಇಳಿದು ಮೆರಾನ್, ಟ್ರೆಂಟೊ ಮೂಲಕ ಇಟಲಿಯ ಬಯಲು ಸೇರುತ್ತಾರೆ. ಎಲ್ಲ ಸೇರಿ ಸುಮಾರು 700 ಕಿಲೋಮೀಟರ್. ಲಾರಿ, ಬಸ್ಸುಗಳ ಕಾಟ ಕಡಿಮೆ. ಎಷ್ಟೋ ಕಡೆ ಹೊಲದ ಬದುವಿನ ಪಕ್ಕ, ನದಿಯ ಏರಿಯ ಮೇಲೆ ಸೈಕಲ್ಲಿಗೆಂದೇ ದಾರಿ ಮಾಡಿದ್ದಾರೆ.

ಈ ದಾರಿಗೆ ವಯಾ ಕ್ಲಾಡಿಯಾ ಔಗುಸ್ಟಾ ಎಂದು ಹೆಸರು. ಹೆಸರು ಕೇಳಿದರೆ ಪ್ರವಾಸೋದ್ಯಮದವರು ಇಟ್ಟದ್ದು ಅನ್ನಿಸುತ್ತದೆ. ಹಾಗಲ್ಲ, ಇದು ರೋಮನ್ ಚಕ್ರವರ್ತಿಯ ಕಾಲದ್ದು. ಕ್ರಿಸ್ತಪೂರ್ವ 15ರಲ್ಲಿ ಅಗಸ್ಟಸ್ ಚಕ್ರವರ್ತಿಯ ಮಲಮಗ ಡ್ರೂಸಸ್ ಸೈನ್ಯ ತೆಗೆದುಕೊಂಡು ಈ ಬೆಟ್ಟಗಳನ್ನು ಗೆದ್ದ. ಸೈನ್ಯ ನಡೆದ ಜಾಡನ್ನೇ ಅವನ ಮಗ ಕ್ಲಾಡಿಯಸ್ ತಾನು ಚಕ್ರವರ್ತಿಯಾದ ಮೇಲೆ, ಕ್ರಿಸ್ತಶಕ 46-47ರ ಸುಮಾರಿಗೆ, ಗಾಡಿ ಓಡುವ ರಸ್ತೆಯಾಗಿ ಮಾಡಿಸಿದ. ಇದಕ್ಕೆ ಸಾಕ್ಷಿ ಎರಡು ಮೈಲಿಗಲ್ಲುಗಳು. ಅವುಗಳಲ್ಲಿ ಒಂದು ಮೆರಾನ್ ಬಳಿಯ ರಾಬ್ಲಾಂಡ್ ಎಂಬ ಹಳ್ಳಿಯಲ್ಲಿ 1552ರಲ್ಲಿ ಸಿಕ್ಕಿತು. ತಂದೆ ಡ್ರೂಸಸ್ ಯುದ್ಧದಿಂದ ತೆರೆದ ದಾರಿಯನ್ನು ಮಗ ಕ್ಲಾಡಿಯಸ್ ಪೋ ನದಿಯಿಂದ ಡ್ಯಾನ್ಯೂಬ್ ನದಿಯವರೆಗೆ ಕಟ್ಟಿಸಿದನೆಂದು ಅದರ ಶಾಸನ ಸಾರುತ್ತದೆ. ಉದ್ದ 350 ರೋಮನ್ ಮೈಲಿ. ನಮ್ಮ ಲೆಕ್ಕದಲ್ಲಿ 500 ಕಿಲೋಮೀಟರಿಗೆ ತುಸು ಹೆಚ್ಚು. ನಮ್ಮ ಕಡೆ ವೀರಗಲ್ಲು, ದಾನಶಾಸನಗಳು ಹೊಲದಲ್ಲಿ ನೇಗಿಲಿಗೆ ಸಿಕ್ಕುವುದುಂಟಲ್ಲ, ಅದೇ ಬಗೆ.

ಹಾಗಾದರೆ ಚಕ್ರವರ್ತಿಯ ರಾಜಮಾರ್ಗ ಸೈಕಲ್ ಸವಾರರ ಪಾಲಿಗೆ ಬಿದ್ದದ್ದು ಹೇಗೆ? ನನಗೆ ಈ ಇತಿಹಾಸದಲ್ಲಿ ಹಿಡಿಸಿದ್ದು ಈ ಭಾಗ.

ನಡುಗಾಲದಲ್ಲಿ ಜರ್ಮನಿಯಿಂದ ಇಟಲಿಗೆ ಹೋಗುವ ವ್ಯಾಪಾರಿಗಳಿಗೆ ಈ ಸೀಮೆಯಲ್ಲಿ ಎರಡು ದಾರಿಗಳಿದ್ದವು. ರೆಷೆನ್ ಘಾಟಿಯ ಮೇಲೆ ಹೋಗುವುದಕ್ಕೆ ಮೇಲಿನ ರಸ್ತೆ ಎಂದೂ, ಪೂರ್ವಕ್ಕಿರುವ ಬ್ರೆನರ್ ಘಾಟಿಯ ಮೇಲೆ ಹೋಗುವುದಕ್ಕೆ ಕೆಳಗಿನ ರಸ್ತೆ ಎಂದೂ ಕರೆಯುತ್ತಿದ್ದರು. ಬ್ರೆನರ್ ತಗ್ಗಿನ ಘಾಟಿಯೇನೋ ಹೌದು, ಆದರೆ ಅದರ ದಕ್ಷಿಣಕ್ಕೆ ಐಸಾಕ್ ನದಿಯ ಕೊರಕಲು ಬಹಳ ಕಡಿದು. ಗಾಡಿ ಇರಲಿ, ಹೇರು ಹೊತ್ತ ಕುದುರೆಯೂ ಸುತ್ತಿ ಬೆಟ್ಟ ಹತ್ತಬೇಕಾಗಿತ್ತು. 1314ರಲ್ಲಿ ಬೋಜನ್ ಪಟ್ಟಣದ ಹೈನ್ರಿಶ್ ಕುಂಟರ್ ಎಂಬ ವರ್ತಕ ಆ ಕೊರಕಲಿನೊಳಗೇ ದಾರಿ ಮಾಡಿ ಸುಂಕ ಎತ್ತಲು ದೊರೆಯಿಂದ ಅಪ್ಪಣೆ ಪಡೆದ. ಒಬ್ಬ ವ್ಯಾಪಾರಿಯ ಲೆಕ್ಕಾಚಾರ, ಅಷ್ಟೆ. ಅಲ್ಲಿಂದಾಚೆ ವ್ಯಾಪಾರ ಬ್ರೆನರಿನ ಕಡೆಗೆ ವಾಲಿತು. 1867ರಲ್ಲಿ ರೈಲು ಬಂದದ್ದೂ ಬ್ರೆನರ್ ಮೇಲೆ. 1970ರ ದಶಕದಲ್ಲಿ ದೊಡ್ಡ ಮೋಟಾರು ಹೆದ್ದಾರಿ ಪೂರ್ತಿಯಾದದ್ದೂ ಅಲ್ಲೇ. ರೆಷೆನ್ ಮೇಲೂ ರೈಲು ಹಾಕಬೇಕೆಂದು 1918ರಲ್ಲಿ ಕೆಲಸ ಹಿಡಿದಿದ್ದರು. ಮೊದಲನೆಯ ಮಹಾಯುದ್ಧ ಮುಗಿಯಿತು, ಗಡಿ ಬದಲಾಯಿತು, ಕೆಲಸ ಅಲ್ಲಿಗೇ ನಿಂತಿತು.

ಆಲ್ಪ್ಸಿನ ಇತರ ಕಡೆಯೂ ಇದೇ ಕಥೆ. ಸ್ವಿಟ್ಜರ್ಲೆಂಡಿನ ಗೋಟ್‌ಹಾರ್ಡ್ ಘಾಟಿಯಲ್ಲಿ 1882ರಲ್ಲಿ ರೈಲು ಸುರಂಗ, 1980ರಲ್ಲಿ ಸುಮಾರು 17 ಕಿಲೋಮೀಟರಿನ ಮೋಟಾರು ಸುರಂಗ, 2016ರಲ್ಲಿ 57 ಕಿಲೋಮೀಟರಿನ ಹೊಸ ರೈಲು ಸುರಂಗ, ಹೀಗೆ ಒಂದರ ಕೆಳಗೊಂದು ಬಂದವು. ಬೆಟ್ಟದ ಮೇಲಿನ ಟ್ರೆಮೋಲಾ ಎಂಬ ಹಳೆಯ ಕಲ್ಲುಹಾಸಿನ ರಸ್ತೆ ಹಾವಿನಂತೆ ಸುತ್ತಿಕೊಂಡು ಹಾಗೆಯೇ ಬಿದ್ದಿದೆ. ಈಗ ಅದರ ಮೇಲೆ ಬೇಸಿಗೆಯಲ್ಲಿ ಸೈಕಲ್ಲಿನವರು ಹತ್ತುತ್ತಾರೆ. ಇನ್ನೂ ಪೂರ್ವಕ್ಕೆ, ಆಸ್ಟ್ರಿಯದಿಂದ ಇಟಲಿಗೆ ಇಳಿಯುವ ಪೊಂಟೆಬ್ಬಾ ಕಣಿವೆಯಲ್ಲಿ 1879ರ ರೈಲುಹಾದಿಯನ್ನು ಬಿಟ್ಟು ಹೊಸದನ್ನು ಹಾಕಿದ ಮೇಲೆ, ಹಳಿ ಕಿತ್ತ ಜಾಗದಲ್ಲಿ ಸೈಕಲ್ ದಾರಿಯಾಯಿತು. ರೈಲಿನ ಸೇತುವೆ, ರೈಲಿನ ಸುರಂಗ, ಮೇಲೆ ಸೈಕಲ್. ಗದ್ದಲದವರು ಬಿಟ್ಟುಹೋದದ್ದೇ ಈ ನಿಶ್ಶಬ್ದ.

ಸೈಕಲ್ ಎಂದರೆ ನಮಗೆಲ್ಲ ಗೊತ್ತಿರುವ ವಸ್ತು. ಆದರೆ ನಮ್ಮ ಅಟ್ಲಾಸ್, ಹರ್ಕ್ಯುಲಿಸ್ ಸೈಕಲ್ಲಿನಲ್ಲಿ ಆಲ್ಪ್ಸ್ ಹತ್ತಬಹುದೇ? ಹತ್ತಿದವರಿದ್ದಾರೆ. ಅಮೆರಿಕದ ಲೇಖಕಿ ಎಲಿಜಬೆತ್ ರಾಬಿನ್ಸ್ ಪೆನ್ನೆಲ್ ಎಂಬಾಕೆ ಗಂಡನ ಜೊತೆ ಸೈಕಲ್ಲಿನಲ್ಲಿ ಆಲ್ಪ್ಸಿನ ಘಾಟಿಗಳನ್ನು ದಾಟಿ 1898ರಲ್ಲಿ ಪುಸ್ತಕ ಬರೆದರು. ಉದ್ದ ಲಂಗದ ಕಾಲ, ಗೇರ್ ಇಲ್ಲದ ಸೈಕಲ್, ಏರು ಬಂದಲ್ಲಿ ಇಳಿದು ತಳ್ಳಬೇಕಾದ ಪಾಡು. ಸಾಲ ವಸೂಲಿಗೆಂದು ಹಳ್ಳಿಹಳ್ಳಿ ಸೈಕಲ್ ತುಳಿದ ನನಗೆ, ಕೆರೆ ಏರಿಯ ಬಳಿ ಇಳಿದು ತಳ್ಳುವಾಗಿನ ಏದುಸಿರು ಚೆನ್ನಾಗಿ ಗೊತ್ತು. ಫ್ರಾನ್ಸಿನ ಸೇಂಟ್ ಎಟಿಯೆನ್ ಪಟ್ಟಣದ ಪಾಲ್ ದ ವಿವಿ ಎಂಬಾತ ಈ ತೊಂದರೆಗೆ ಪರಿಹಾರ ಬೇಕೆಂದು ಹಟ ಹಿಡಿದ. ಹಿಂದಿನ ಚಕ್ರಕ್ಕೆ ಒಂದೇ ಹಲ್ಲುಗಾಲಿ ಯಾಕೆ, ಸಣ್ಣದು ದೊಡ್ಡದು ಎರಡು ಮೂರು ಇರಲಿ, ಏರಿನಲ್ಲಿ ಚೈನನ್ನು ದೊಡ್ಡದರ ಮೇಲೆ ಹಾಕಿದರೆ ಕಾಲಿಗೆ ಹಗುರ ಎಂದು ಬರೆದ, ತಾನೇ ತುಳಿದು ತೋರಿಸಿದ. ಫ್ರಾನ್ಸಿನ ದೊಡ್ಡ ಸೈಕಲ್ ಪಂದ್ಯ ನಡೆಸುವವರು ಇದು ಹೆಣ್ಣಿಗರ, ಮುದುಕರ ಉಪಾಯ ಎಂದು ಹಂಗಿಸಿದರು. 1930ರಲ್ಲಿ ಆತ ತೀರಿಕೊಂಡ. ಆ ಪಂದ್ಯದಲ್ಲಿ ಗೇರ್ ಬದಲಾಯಿಸುವ ಸಾಧನಕ್ಕೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಇವತ್ತು ಅರವತ್ತು ದಾಟಿದವರು ಕೂಡ ಘಾಟಿ ಹತ್ತುವುದು ಈ ಗೇರಿನ ಪುಣ್ಯದಿಂದ. ಈಚೆಗೆ ಬ್ಯಾಟರಿ ಸೈಕಲ್ಲುಗಳೂ ಬಂದಿವೆ, ಅದು ಬೇರೆ ಮಾತು.

ಲಾಂಡೆಕ್ ಪಟ್ಟಣದಿಂದ ಮೇಲಕ್ಕೆ ಸೈಕಲ್ಲಿನವನು ಇನ್ ನದಿಯನ್ನು ಎದುರು ಹಿಡಿದು ಹೋಗುತ್ತಾನೆ. ಆ ನದಿ ಒಂದು ಇಕ್ಕಟ್ಟಾದ ಕೊರಕಲಿನಲ್ಲಿ ಬರುವಲ್ಲಿ ಆಲ್ಟ್‌ಫಿನ್‌ಸ್ಟರ್‌ಮ್ಯುಂಟ್ಸ್ ಎಂಬ ಹಳೆಯ ಸುಂಕದಕಟ್ಟೆ ಇದೆ. ನದಿಯ ನಡುವೆ ಗೋಪುರ, ಅದಕ್ಕೆ ಮರದ ಸೇತುವೆ. ಶತಮಾನಗಳ ಕಾಲ ಇಲ್ಲಿ ಹಣ ಕೊಡದೆ ಮೂಟೆ ಮುಂದೆ ಹೋಗುವ ಹಾಗಿರಲಿಲ್ಲ. 19ನೇ ಶತಮಾನದಲ್ಲಿ ಹೊಸ ರಸ್ತೆಯನ್ನು ಮೇಲೆ ಬಂಡೆಯಲ್ಲಿ ಕೊರೆದಾಗ ಕೆಳಗಿನ ಕಟ್ಟೆ ಪಾಳುಬಿತ್ತು. ಈಗ ಕಾರುಗಳು ಆ ಮೇಲಿನ ರಸ್ತೆಯಲ್ಲಿ ಓಡುತ್ತವೆ. ಸೈಕಲ್ಲಿನವರು ಅದರ ತಂಟೆ ಬೇಡವೆಂದು ಸ್ವಿಟ್ಜರ್ಲೆಂಡಿನ ಗಡಿ ದಾಟಿ ಮಾರ್ಟಿನಾ ಎಂಬ ಊರಿಗೆ ಹೋಗಿ, ಅಲ್ಲಿಂದ ಕಾಡಿನೊಳಗೆ ಹನ್ನೊಂದು ತಿರುವು ಹತ್ತಿ ಮತ್ತೆ ಆಸ್ಟ್ರಿಯದ ನೌಡರ್ಸ್ ಸೇರುತ್ತಾರೆ. ಮಾರ್ಟಿನಾದಲ್ಲಿ ಮನೆಮಾತು ರೊಮಾಂಶ್. ಲ್ಯಾಟಿನ್ ಮೂಲದ ಸಣ್ಣ ಭಾಷೆ. 1938ರಲ್ಲಿ ಸ್ವಿಟ್ಜರ್ಲೆಂಡಿನ ಜನ ಮತ ಹಾಕಿ ಅದನ್ನೂ ತಮ್ಮ ರಾಷ್ಟ್ರಭಾಷೆಗಳಲ್ಲಿ ಒಂದೆಂದು ಒಪ್ಪಿಕೊಂಡರು. ನೌಡರ್ಸಿನಲ್ಲಿ ಜರ್ಮನ್. ಇನ್ನು ಕೆಲವೇ ಕಿಲೋಮೀಟರಿಗೆ ಇಟಲಿ. ಒಂದೇ ದಿನದಲ್ಲಿ ಮೂರು ದೇಶ, ಮೂರು ಮಾತು.

ಘಾಟಿಯ ನೆತ್ತಿ ದಾಟಿದ ಕೂಡಲೇ ನೀರು ದಿಕ್ಕು ಬದಲಿಸುತ್ತದೆ. ಉತ್ತರದ ಹಳ್ಳಗಳು ಇನ್, ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ ಹೋದರೆ, ದಕ್ಷಿಣದಲ್ಲಿ ಹುಟ್ಟುವ ನದಿ ಏಡ್ರಿಯಾಟಿಕ್ ಸಮುದ್ರಕ್ಕೆ ಹೋಗುತ್ತದೆ. ಜರ್ಮನ್ನರಿಗೆ ಆ ನದಿ ಎಚ್, ಇಟಾಲಿಯನ್ನರಿಗೆ ಆಡಿಜೆ. ಆ ನದಿಯ ಮೊದಲ ನೀರು ತುಂಬಿಕೊಂಡು ನಿಂತದ್ದೇ ಕ್ಯಾಲೆಂಡರಿನ ನೀಲಿ ಸರೋವರ. ಅದು ಸರೋವರವಲ್ಲ, ಅಣೆಕಟ್ಟು.

ಈ ಸೀಮೆ 1918ರವರೆಗೆ ಆಸ್ಟ್ರಿಯದ ಟಿರೋಲ್ ಪ್ರಾಂತ್ಯದಲ್ಲಿತ್ತು. ಜನರ ಮಾತು ಜರ್ಮನ್. ಯುದ್ಧದಲ್ಲಿ ಆಸ್ಟ್ರಿಯ ಸೋತಿತು. 1919ರ ಒಪ್ಪಂದದಲ್ಲಿ ಬ್ರೆನರ್, ರೆಷೆನ್ ಘಾಟಿಗಳೇ ಹೊಸ ಗಡಿಗಳಾದವು, ದಕ್ಷಿಣ ಟಿರೋಲ್ ಇಟಲಿಗೆ ಸೇರಿತು. ಮುಸೊಲಿನಿ ಅಧಿಕಾರಕ್ಕೆ ಬಂದ ಮೇಲೆ 1923ರಿಂದ ಶಾಲೆಗಳಲ್ಲಿ ಜರ್ಮನ್ ನಿಲ್ಲಿಸಿದರು. ಎತ್ತೋರೆ ತೊಲೊಮೆಯಿ ಎಂಬಾತ ಮೊದಲೇ ಪಟ್ಟಿ ಮಾಡಿಟ್ಟುಕೊಂಡಿದ್ದ, ಊರು, ಬೆಟ್ಟ, ಹಳ್ಳ ಎಲ್ಲಕ್ಕೂ ಇಟಾಲಿಯನ್ ಹೆಸರು ಬಿದ್ದವು. ಗ್ರೌನ್ ಕುರೋನ್ ಆಯಿತು, ರೆಷೆನ್ ರೆಸಿಯಾ ಆಯಿತು. ಮಕ್ಕಳಿಗೆ ಮನೆಗಳಲ್ಲಿ, ಕೊಟ್ಟಿಗೆಗಳಲ್ಲಿ ಗುಟ್ಟಾಗಿ ಜರ್ಮನ್ ಅಕ್ಷರ ಕಲಿಸಿದರು. ಸಿಕ್ಕಿಬಿದ್ದ ಅಧ್ಯಾಪಕಿಯರಿಗೆ ದಂಡ, ಸೆರೆ ಆಯಿತು. 1939ರಲ್ಲಿ ಹಿಟ್ಲರ್, ಮುಸೊಲಿನಿ ಇಬ್ಬರೂ ಸೇರಿ ಇಲ್ಲಿನವರಿಗೆ ಒಂದು ಆಯ್ಕೆ ಕೊಟ್ಟರು: ನಾಡು ಬಿಟ್ಟು ಜರ್ಮನಿಗೆ ಹೋಗಿ, ಇಲ್ಲವೇ ಇಲ್ಲಿ ಇಟಾಲಿಯನ್ನರಾಗಿ ಇರಿ. ಬಹುಪಾಲು ಜನ ಹೋಗುತ್ತೇವೆ ಎಂದು ಬರೆದುಕೊಟ್ಟರು. ನಿಜವಾಗಿ ಹೊರಟವರು ಸುಮಾರು 75 ಸಾವಿರ. ಹೋಗುವೆನೆಂದವನಿಗೂ ಇರುವೆನೆಂದವನಿಗೂ ಒಂದೇ ಮನೆಯಲ್ಲಿ ಮಾತು ನಿಂತಿತು.

ಇದೇ ಗಲಾಟೆಯ ಹೊತ್ತಿನಲ್ಲಿ ಗ್ರೌನಿನ ಪಂಚಾಯಿತಿ ಕಚೇರಿಯಲ್ಲಿ ಒಂದು ಪ್ರಕಟಣೆ ಅಂಟಿಸಿದರು. ಅಲ್ಲಿ ಮೊದಲು ಸಣ್ಣ ಕೆರೆಗಳಿದ್ದವು. ವಿದ್ಯುತ್ತಿಗಾಗಿ ಅವುಗಳ ನೀರನ್ನು ಐದು ಮೀಟರ್ ಏರಿಸುವ ಯೋಜನೆ 1920ರಿಂದಲೇ ಇತ್ತು, ಅಷ್ಟರಿಂದ ಊರಿಗೇನೂ ಅಪಾಯವಿರಲಿಲ್ಲ. ಹೊಸ ಯೋಜನೆಯಲ್ಲಿ ಏರಿಕೆ 22 ಮೀಟರ್. ಅಂದರೆ ಇಡೀ ಊರು, ಗದ್ದೆ, ಹುಲ್ಲುಗಾವಲು ಎಲ್ಲ ಮುಳುಗಡೆ. ಆ ಪ್ರಕಟಣೆ ಇದ್ದದ್ದು ಇಟಾಲಿಯನ್ ಭಾಷೆಯಲ್ಲಿ. ಊರಿನವರು ಓದುವ ಭಾಷೆ ಅದಲ್ಲ. ಗಡುವು ಕಳೆಯಿತು, ತಕರಾರು ಬರಲಿಲ್ಲ, ಕಾಗದದ ಮೇಲೆ ಕೆಲಸ ಮುಂದುವರಿಯಿತು.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಶಾಖೆಗೆ ಬರುತ್ತಿದ್ದ ಒಬ್ಬ ತಾತ ನೆನಪಾದರು. ಅವರ ಜಮೀನಿನ ವಿಚಾರವಾಗಿ ಒಂದು ಕಚೇರಿಯಿಂದ ನೋಟೀಸು ಬಂದಿತ್ತು. ಯಾವ ಕಚೇರಿ ಎಂಬುದು ಈಗ ಬೇಡ. ತೆಲುಗಿನಲ್ಲಿತ್ತು. ತಾತ ಸಂತೆಯಲ್ಲಿ ಸೊಗಸಾಗಿ ತೆಲುಗು ಮಾತಾಡುವವರು, ಓದುವುದು ಮಾತ್ರ ಕನ್ನಡ. ಕಾಗದವನ್ನು ಮನೆಯ ಜಂತೆಗೆ ಸಿಕ್ಕಿಸಿಟ್ಟು, ಸಾಲದ ಕಂತು ಕಟ್ಟಲು ಬಂದ ದಿನ ನನ್ನ ಮುಂದೆ ಬಿಚ್ಚಿದರು. ‘ಮಾತು ಬರುತ್ತೆ ಸ್ವಾಮಿ, ಅಕ್ಷರ ಬರಲ್ಲ, ಒಂಚೂರು ಓದಿ ಹೇಳ್ರೀ’ ಎಂದರು. ಓದಿ ನೋಡಿದರೆ ತಾರೀಖು ಕಳೆದು ತಿಂಗಳಾಗಿತ್ತು. ನಾನು ಹಾಗೆಂದು ಹೇಳಿದಾಗ ಅವರು ಕಾಗದವನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ ಒಂದು ವರ್ಷ ಓಡಾಡಿದರು.

ಗ್ರೌನಿನವರೂ ಓಡಾಡಿದರು. ಯುದ್ಧ ಮುಗಿದು, ಮುಸೊಲಿನಿ ಹೋಗಿ, ಪ್ರಜಾಪ್ರಭುತ್ವ ಬಂದ ಮೇಲೂ ಯೋಜನೆ ನಿಲ್ಲಲಿಲ್ಲ. ಮೊಂಟೆಕಾಟಿನಿ ಎಂಬ ದೊಡ್ಡ ಕಂಪನಿಗೆ ಸ್ವಿಟ್ಜರ್ಲೆಂಡಿನಿಂದ ಬಂಡವಾಳ ದೊರೆಯಿತು. ಊರಿನ ಪಾದ್ರಿ ಆಲ್ಫ್ರೆಡ್ ರೀಪರ್ ಜನರನ್ನು ಕಟ್ಟಿಕೊಂಡು ರೋಮಿನವರೆಗೆ ಹೋಗಿ ಪೋಪ್ 12ನೇ ಪಯಸ್ ಅವರ ಮುಂದೆ ಅಹವಾಲು ಹೇಳಿಕೊಂಡರು. ಪ್ರಯೋಜನವಾಗಲಿಲ್ಲ. 1950ರ ಬೇಸಿಗೆಯಲ್ಲಿ 163 ಮನೆಗಳು ಹೋದವು, 523 ಹೆಕ್ಟೇರ್ ಸಾಗುವಳಿ ಭೂಮಿ ಮುಳುಗಿತು. ಜುಲೈ ತಿಂಗಳಲ್ಲಿ ಇಗರ್ಜಿಯ ಗಂಟೆಗಳನ್ನು ಇಳಿಸಿದರು, ಆಮೇಲೆ ಇಗರ್ಜಿಯನ್ನು ಸಿಡಿಮದ್ದಿಟ್ಟು ಕೆಡವಿದರು. 14ನೇ ಶತಮಾನದ ಆ ಗೋಪುರವೊಂದನ್ನು ಸ್ಮಾರಕವೆಂದು ಉಳಿಸಿದರು. ಕೆಲವು ಕುಟುಂಬಗಳು ತಾತ್ಕಾಲಿಕ ಶೆಡ್ಡುಗಳಲ್ಲಿ ಇದ್ದು ದಡದ ಮೇಲೆ ಹೊಸ ಊರು ಕಟ್ಟಿಕೊಂಡವು. ಹಲವರು ಸಿಕ್ಕಷ್ಟು ಪರಿಹಾರ ತೆಗೆದುಕೊಂಡು ಕಣಿವೆಯನ್ನೇ ಬಿಟ್ಟರು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದ ರಾತ್ರಿಗಳಲ್ಲಿ ಗಂಟೆ ಬಾರಿಸಿದ ಸದ್ದು ಕೇಳುತ್ತದೆ ಎಂದು ಆ ಕಡೆ ಒಂದು ಮಾತಿದೆ. ಗಂಟೆಗಳು 1950ರಲ್ಲೇ ಇಳಿದವು.

ಸೈಕಲ್ ದಾರಿ ಈ ನೀರಿನ ದಂಡೆಯಲ್ಲೇ ಸಾಗುತ್ತದೆ. ಎಲ್ಲರೂ ನಿಲ್ಲುತ್ತಾರೆ, ಫೋಟೋ ತೆಗೆಯುತ್ತಾರೆ. ನಮ್ಮ ಕ್ಯಾಲೆಂಡರಿನ ಇಬ್ಬರು ಮಾಡುತ್ತಿದ್ದದ್ದೂ ಅದೇ.

ಅಲ್ಲಿಂದ ಮೆರಾನ್‌ವರೆಗೆ ಸುಮಾರು 80 ಕಿಲೋಮೀಟರ್, ಹೆಚ್ಚು ಕಡಿಮೆ ಪೂರ್ತಿ ಇಳಿಜಾರು. ಸಾವಿರದ ಇನ್ನೂರು ಮೀಟರಿನಷ್ಟು ಇಳಿಯುತ್ತೀರಿ. ಈ ಕಣಿವೆಯ ಹೆಸರು ವಿನ್ಶ್‌ಗೌ, ಇಟಾಲಿಯನ್ನಿನಲ್ಲಿ ವಾಲ್ ವೆನೋಸ್ತಾ. ಇದರ ಮೇಲುಭಾಗದಲ್ಲಿ ಒಂದು ಕಾಲಕ್ಕೆ ಜರ್ಮನ್ನೂ ಇರಲಿಲ್ಲ, ಮಾರ್ಟಿನಾದ ಹಾಗೆ ರೊಮಾಂಶ್ ಇತ್ತು. ಹಲವು ತಲೆಮಾರುಗಳಲ್ಲಿ ಜರ್ಮನ್ ಅದನ್ನು ತಳ್ಳಿತು. ಹಾಗಾಗಿ ಇಲ್ಲಿ ಯಾರೊಬ್ಬರನ್ನೇ ಪೂರ್ತಿ ಒಳ್ಳೆಯವರೆಂದು ಹೇಳಲು ನನಗೆ ಮನಸ್ಸಿಲ್ಲ.

ಸುತ್ತ ಹಿಮದ ಬೆಟ್ಟಗಳಿದ್ದರೂ ಕಣಿವೆಯ ತಳಕ್ಕೆ ಮಳೆ ಕಡಿಮೆ, ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು. ನಮ್ಮ ಅನಂತಪುರದ ಸೀಮೆಯ ಲೆಕ್ಕವೇ ಅನ್ನಿ. ಆದರೂ ಅಲ್ಲಿ ಮೈಲುಗಟ್ಟಲೆ ಸೇಬಿನ ತೋಟ. ಬೆಟ್ಟದ ಹಳ್ಳಗಳಿಂದ ಸಣ್ಣ ಕಾಲುವೆಗಳನ್ನು ಇಳಿಜಾರಿನ ಮೈಗೆ ಹೊಂದಿಸಿ ತಂದಿದ್ದಾರೆ, ಅವಕ್ಕೆ ವಾಲ್ ಎನ್ನುತ್ತಾರೆ. ನೀರು ಹಂಚಲು, ಕಾಲುವೆ ಕಾಯಲು ಊರಿಗೊಬ್ಬ ವಾಲರ್ ಇರುತ್ತಿದ್ದ. ನಮ್ಮ ನೀರುಗಂಟಿ ಇದ್ದ ಹಾಗೆ. ಕಾಲುವೆಯಲ್ಲಿ ಒಂದು ಚಿಕ್ಕ ಚಕ್ರ, ನೀರು ಅದನ್ನು ತಿರುಗಿಸಿದಾಗ ಸುತ್ತಿಗೆಯೊಂದು ಗಂಟೆಗೆ ಬಡಿಯುತ್ತಿತ್ತು. ಗಂಟೆ ಕೇಳುತ್ತಿರುವವರೆಗೆ ಎಲ್ಲ ಸರಿ. ಸದ್ದು ನಿಂತರೆ ಎಲ್ಲೋ ಮಣ್ಣು ಕುಸಿದಿದೆ, ಇಲ್ಲವೇ ಕಸ ಕಟ್ಟಿದೆ ಎಂದು ಅವನು ಸಲಿಕೆ ಹಿಡಿದು ಹೊರಡುತ್ತಿದ್ದ.

ಗ್ಲೂರ್ನ್ಸ್ ಎಂಬ ಸಣ್ಣ ಕೋಟೆಪಟ್ಟಣ ದಾಟಿದ ಮೇಲೆ ಮುಂದೆ ಎಡಬಲ ಎರಡೂ ಕಡೆ ತೋಟಗಳು. ದಾರಿಯ ಫಲಕಗಳಲ್ಲಿ ಪ್ರತಿ ಊರಿನ ಹೆಸರೂ ಎರಡು ಭಾಷೆಯಲ್ಲಿದೆ. 1946ರಲ್ಲಿ ಇಟಲಿ, ಆಸ್ಟ್ರಿಯಗಳ ನಡುವೆ ಒಪ್ಪಂದವಾಯಿತು. ಅದು ಸರಿಯಾಗಿ ಜಾರಿಗೆ ಬರಲಿಲ್ಲ, ವಿಚಾರ ವಿಶ್ವಸಂಸ್ಥೆಗೂ ಹೋಯಿತು, ನಡುವೆ ಬಾಂಬು ಸಿಡಿದ ವರ್ಷಗಳೂ ಇದ್ದವು. 1972ರಲ್ಲಿ ಪ್ರಾಂತ್ಯಕ್ಕೆ ದೊಡ್ಡ ಸ್ವಾಯತ್ತತೆ ಬಂತು, 1992ರಲ್ಲಿ ಎರಡೂ ದೇಶಗಳು ವಿವಾದ ಮುಗಿಯಿತೆಂದು ಹೇಳಿದವು. ಈಗ ಅಲ್ಲಿ ಸರ್ಕಾರಿ ನೌಕರಿ ಬೇಕಾದರೆ ಎರಡೂ ಭಾಷೆಗಳ ಪರೀಕ್ಷೆ ಪಾಸು ಮಾಡಬೇಕು. ಕೌಂಟರಿನ ಮುಂದೆ ಬಂದವನು ಜರ್ಮನ್ ಮಾತಾಡಿದರೆ ಜರ್ಮನ್, ಇಟಾಲಿಯನ್ ಮಾತಾಡಿದರೆ ಇಟಾಲಿಯನ್, ಗುಮಾಸ್ತ ಆ ಭಾಷೆಯಲ್ಲೇ ಉತ್ತರ ಕೊಡಬೇಕು, ಕಾಗದವೂ ಅದರಲ್ಲೇ ಹೋಗಬೇಕು. ಮೂವತ್ತು ವರ್ಷ ಕೌಂಟರಿನಲ್ಲಿ ಕೂತವನು ನಾನು. ಅಂಥ ಪರೀಕ್ಷೆ ನಮಗಿದ್ದಿದ್ದರೆ ನಮ್ಮಲ್ಲಿ ಎಷ್ಟು ಜನ ಪಾಸಾಗುತ್ತಿದ್ದೆವೋ.

ಕಣಿವೆಯ ರೈಲಿನ ವಿಚಾರ ಹೇಳದಿದ್ದರೆ ದಾರಿ ಮುಗಿಯುವುದಿಲ್ಲ. ಮೆರಾನಿನಿಂದ ಮಾಲ್ಸ್‌ವರೆಗೆ 1906ರಲ್ಲಿ ಹಾಕಿದ ರೈಲನ್ನು ನಷ್ಟವೆಂದು 1990ರಲ್ಲಿ ನಿಲ್ಲಿಸಿಬಿಟ್ಟರು. ಪ್ರಾಂತ್ಯದವರು ಅದನ್ನು ತಮ್ಮ ಕೈಗೆ ತೆಗೆದುಕೊಂಡು ರಿಪೇರಿ ಮಾಡಿಸಿ 2005ರಲ್ಲಿ ಮತ್ತೆ ಓಡಿಸಿದರು. ಈಗ ಜನ ಬೆಳಿಗ್ಗೆ ರೈಲಿನಲ್ಲಿ ಮಾಲ್ಸ್‌ಗೆ ಹೋಗಿ, ನಿಲ್ದಾಣದಲ್ಲೇ ಬಾಡಿಗೆ ಸೈಕಲ್ ತೆಗೆದುಕೊಂಡು, ಇಳಿಜಾರಿನಲ್ಲಿ ಆರಾಮಾಗಿ ಮೆರಾನಿಗೆ ಬಂದು ಅಲ್ಲಿ ಸೈಕಲ್ ಒಪ್ಪಿಸಿ ಮನೆಗೆ ಹೋಗುತ್ತಾರೆ. ಕ್ಲಾಡಿಯಸ್ ಚಕ್ರವರ್ತಿಯ ಮೈಲಿಗಲ್ಲು ಸಿಕ್ಕ ರಾಬ್ಲಾಂಡ್ ಕೂಡ ಅದೇ ದಾರಿಯಲ್ಲಿ, ಮೆರಾನಿಗೆ ತುಸು ಮೊದಲು.

2021ರಲ್ಲಿ ರಿಪೇರಿಗೆಂದು ರೆಷೆನ್ ಅಣೆಕಟ್ಟಿನ ನೀರನ್ನು ಬಹಳಷ್ಟು ಇಳಿಸಿದ್ದರು. ಆ ಚಿತ್ರಗಳನ್ನು ಮೊಮ್ಮಗ ಫೋನಿನಲ್ಲಿ ತೋರಿಸಿದ. ಕೆಸರಿನ ನಡುವೆ ಹಳೆಯ ಗ್ರೌನಿನ ಮನೆಗಳ ತಳಗೋಡೆಗಳು, ನೆಲಮಾಳಿಗೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳು. ಎಪ್ಪತ್ತು ವರ್ಷ ನೀರಿನಡಿ ಇದ್ದರೂ ಮೆಟ್ಟಿಲ ಅಂಚುಗಳು ನೇರವಾಗಿದ್ದವು. ಆಮೇಲೆ ನೀರು ತುಂಬಿಸಿದರು. ಗೋಪುರ ಮೊದಲಿದ್ದಂತೆ ನೀರಿನ ನಡುವೆ ನಿಂತಿದೆ.